ಮೀಟರಿಗೆ ಪೆಟ್ಟಾಗದಂತೆ ಕೆಪಾಸಿಟರಿಗೆ ಡಿಸಿ ವೋಲ್ಟ್ ಕೊಟ್ಟು ಅಳೆಯುವುದು

ಪ್ರಶ್ನೆ: ಮಲ್ಪೆಯಲ್ಲಿ ಬೋಟುಗಳ ಜಿಪಿಎಸ್, ಫಿಶ್ ಫೈಂಡರ್, ವೈರ್‌ಲೆಸ್ ಸೆಟ್ ರಿಪೇರಿ ಮಾಡುತ್ತೇನೆ. 24 ವೋಲ್ಟಿನಿಂದ 5 ವೋಲ್ಟ್ ಮಾಡುವ ಬಕ್ ಕನ್ವರ್ಟರ್ ಒಂದರ ಇನ್‌ಪುಟ್ಟಿಗೆ 10 ಮೈಕ್ರೋಫ್ಯಾರಡ್, 50 ವೋಲ್ಟ್, ಎಕ್ಸ್7ಆರ್, 1206 ಸೈಜಿನ ಸೆರಾಮಿಕ್ ಕೆಪಾಸಿಟರ್ ಎರಡು ಹಾಕಿದೆ. 1 ಆಂಪಿಯರ್ ಲೋಡಿಗೆ ಲೆಕ್ಕದ ಪ್ರಕಾರ ಇನ್‌ಪುಟ್ ರಿಪಲ್ (ವೋಲ್ಟಿನ ಏರಿಳಿತ) 30 ಮಿಲಿವೋಲ್ಟಿನೊಳಗೆ ಇರಬೇಕು, ಸ್ಕೋಪಿನಲ್ಲಿ 70 ಕಾಣುತ್ತದೆ. ಅದೇ ಪಟ್ಟಿಯ (ಟೇಪಿನ) ಹೊಸ ಕೆಪಾಸಿಟರನ್ನು, ಕೆಪಾಸಿಟರ್ ಅಳೆಯುವ ಕೈ ಎಲ್‌ಸಿಆರ್ ಮೀಟರಿಗೆ ಹಿಡಿದರೆ 8.8 ಮೈಕ್ರೋಫ್ಯಾರಡ್ ತೋರಿಸುತ್ತದೆ. ವೋಲ್ಟ್ ಬಿದ್ದಾಗ ಸೆರಾಮಿಕ್ಕಿನ ಬೆಲೆ (ಮೈಕ್ರೋಫ್ಯಾರಡ್ ಅಂಕಿ) ಇಳಿಯುತ್ತದೆ ಎಂದು ಕೇಳಿದ್ದೇನೆ. ಮೀಟರಿನ ಒಂದು ವೈರಿಗೆ 24 ವೋಲ್ಟ್ ಬ್ಯಾಟರಿಯನ್ನು ಸರಣಿಯಲ್ಲಿ ಸೇರಿಸಿ ಅಳೆಯಬಹುದೇ? ಮೀಟರ್ ಹೋದರೆ ಸದ್ಯಕ್ಕೆ ಇನ್ನೊಂದು ತೆಗೆದುಕೊಳ್ಳುವ ಸ್ಥಿತಿ ಇಲ್ಲ.

ಉತ್ತರ: ಸರಣಿಯಲ್ಲಿ ಬ್ಯಾಟರಿ ಬೇಡವೇ ಬೇಡ. ನಿಮ್ಮ ಸಂಶಯ ಸರಿ, ವೋಲ್ಟ್ ಕೊಟ್ಟೇ ಅಳೆಯಬೇಕು ಎಂಬುದೂ ಸರಿ. ಅದಕ್ಕೆ ಬೇರೆ ದಾರಿ ಉಂಟು. ಬೇಕಾದ ಸಾಮಾನಿನಲ್ಲಿ ಮುಕ್ಕಾಲು ಪಾಲು ನಿಮ್ಮ ಡಬ್ಬಿಯಲ್ಲೇ ಇರುತ್ತದೆ.

ಮೊದಲು ಸರಣಿ ಬ್ಯಾಟರಿಯ ಸಂಗತಿ. ಅದನ್ನು ಮಾಡಿ ನೋಡಿದವರು ‘ನನಗೆ ಏನೂ ಆಗಲಿಲ್ಲ’ ಎನ್ನುತ್ತಾರೆ, ಅದು ಸುಳ್ಳಲ್ಲ. ಕೈ ಮೀಟರ್ ಹೊರಗೆ ಕೊಡುವುದು ಸುಮಾರು 0.6 ವೋಲ್ಟ್ ಎಸಿ, ಅದೂ ಒಳಗಿನ 100 ಓಮ್ ಆಸುಪಾಸಿನ ರೆಸಿಸ್ಟರ್ ದಾಟಿ. ಬ್ಯಾಟರಿ ಸೇರಿಸಿ ಕ್ಲಿಪ್ ಕಚ್ಚಿಸಿದ ಕ್ಷಣ ಕೆಪಾಸಿಟರ್ ಖಾಲಿ ಇರುತ್ತದೆ, ಅಂದರೆ ಶಾರ್ಟ್ ಇದ್ದ ಹಾಗೆ. ಪೂರ್ತಿ 24 ವೋಲ್ಟ್ ಮೀಟರಿನ ಬಾಯಿಗೆ ಬೀಳುತ್ತದೆ; 24 ಭಾಗಿಸು 100, ಸುಮಾರು ಕಾಲು ಆಂಪಿಯರ್ ಒಳಗೆ ನುಗ್ಗುತ್ತದೆ. 10 ಮೈಕ್ರೋಫ್ಯಾರಡ್ ಆದರೆ ನಾಲ್ಕೈದು ಮಿಲಿಸೆಕೆಂಡಿನಲ್ಲಿ ಎಲ್ಲ ಮುಗಿದು, ಬ್ಯಾಟರಿಯ ವೋಲ್ಟನ್ನು ಕೆಪಾಸಿಟರಿನ ವೋಲ್ಟ್ ಎದುರಿನಿಂದ ತಡೆಹಿಡಿಯುತ್ತದೆ, ಮೀಟರಿಗೆ ಡಿಸಿ ಸೊನ್ನೆ. ಒಳಗಿನ ರಕ್ಷಣಾ ಡಯೋಡ್ ಗಟ್ಟಿ ಇದ್ದರೆ ಮೀಟರ್ ಆ ಪೆಟ್ಟನ್ನು ತಡೆದುಕೊಂಡೀತು. ಕೆಡುವುದು ಆಮೇಲಿನ ಎರಡು ಸಂದರ್ಭದಲ್ಲಿ. ಒಂದು, ಬ್ಯಾಟರಿ ತೆಗೆದು 24 ವೋಲ್ಟ್ ತುಂಬಿಕೊಂಡ ಅದೇ ಕೆಪಾಸಿಟರನ್ನು ಮರೆತು ನೇರ ಮೀಟರಿಗೆ ಕಚ್ಚಿಸುವುದು. ಇನ್ನೊಂದು, ಕೆಪಾಸಿಟರ್ ಒಳಗೊಳಗೇ ಶಾರ್ಟ್ ಆಗುವುದು. ಬೋಟಿನ ಎಂಜಿನ್ ನಡುಕಕ್ಕೆ, ಬೋರ್ಡ್ ಬಾಗಿದ್ದಕ್ಕೆ ಸೆರಾಮಿಕ್ಕಿನಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ. ಹಾಗೆ ಬಿರುಕು ಬಿಟ್ಟದ್ದು ಬಹಳ ಸಲ ಶಾರ್ಟ್ ಆಗಿಯೇ ಸಾಯುತ್ತದೆ. ಆಗ ಕಾಲು ಆಂಪಿಯರ್ ನಿಲ್ಲುವುದೇ ಇಲ್ಲ, ನೀವು ಕ್ಲಿಪ್ ಬಿಚ್ಚುವ ತನಕ ಹರಿಯುತ್ತದೆ.

ಹಾಗಾಗಿ ನೆನಪಿಡಬೇಕಾದ ವಿಷಯ ಒಂದೇ: ಬಯಾಸ್ ವೋಲ್ಟ್ (ಅಳೆಯುವಾಗ ಕೆಪಾಸಿಟರಿಗೆ ಕೊಡುವ ಡಿಸಿ) ತಣ್ಣಗೆ ಕೂತಿರುವಾಗ ಮೀಟರಿಗೆ ಏನೂ ಆಗುವುದಿಲ್ಲ, ಎಲ್ಲೋ ಒಂದು ಕಡೆ ಶಾರ್ಟ್ ಆದ ಕ್ಷಣ ತುಂಬಿದ ಕೆಪಾಸಿಟರಿನ ಚಾರ್ಜ್ ಮೀಟರಿನ ಮೂಲಕ ಖಾಲಿಯಾಗುತ್ತದೆ, ಅದೇ ಕೊಲ್ಲುವುದು. ಕೆಳಗಿನ ಏರ್ಪಾಡೆಲ್ಲ ಆ ಒಂದು ಕ್ಷಣಕ್ಕಾಗಿ.

ಬೆಲೆ ಯಾಕೆ ಇಳಿಯುತ್ತದೆ ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಎಕ್ಸ್7ಆರ್, ಎಕ್ಸ್5ಆರ್ ಇವೆಲ್ಲ ಬೇರಿಯಂ ಟೈಟನೇಟ್ ಮಣ್ಣಿನವು. ಒಳಗಿನ ಪದರ ಕೆಲವೇ ಮೈಕ್ರಾನ್ ದಪ್ಪ, 24 ವೋಲ್ಟ್ ಅಂದರೆ ಅದಕ್ಕೆ ದೊಡ್ಡ ಒತ್ತಡ. ಆ ಒತ್ತಡಕ್ಕೆ ಒಳಗಿನ ಧ್ರುವಗಳು ಒಂದೇ ಕಡೆ ತಿರುಗಿ ಬಿಗಿಯಾಗಿ ನಿಲ್ಲುತ್ತವೆ, ಮೇಲಿನಿಂದ ಬರುವ ಸಣ್ಣ ಎಸಿಗೆ ಅಲುಗಾಡುವುದಿಲ್ಲ. ಎಕ್ಸ್7ಆರ್ ಎಂಬ ಹೆಸರು ಹೇಳುವುದು ಮೈನಸ್ 55ರಿಂದ 125 ಡಿಗ್ರಿ ತನಕ ಶೇ. 15ರೊಳಗೆ ಬದಲಾಗುತ್ತದೆ ಎಂದು ಮಾತ್ರ. ವೋಲ್ಟಿನ ಬಗ್ಗೆ ಆ ಮೂರಕ್ಷರದಲ್ಲಿ ಒಂದು ಮಾತೂ ಇಲ್ಲ, ಮೋಸ ಹೋಗುವುದು ಅಲ್ಲಿಯೇ. 1206 ಸೈಜಿನ 10 ಮೈಕ್ರೋಫ್ಯಾರಡ್, 24 ವೋಲ್ಟಿನಲ್ಲಿ ಅರ್ಧಕ್ಕಿಂತ ಕೆಳಗೆ ಹೋಗುವುದು ಮಾಮೂಲು. ಸಿ0ಜಿ ಸೆರಾಮಿಕ್ಕಿಗೆ, ಪಾಲಿಪ್ರೊಪಿಲೀನ್ ಮತ್ತು ಪಾಲಿಯೆಸ್ಟರ್ ಫಿಲ್ಮಿಗೆ ಈ ಕಾಯಿಲೆ ಇಲ್ಲ. ಎಲೆಕ್ಟ್ರೋಲಿಟಿಕ್ಕಿಗೂ ಲೆಕ್ಕಕ್ಕೆ ಹಿಡಿಯುವಷ್ಟು ಇಲ್ಲ. ಅದನ್ನು ಬಯಾಸ್ ಇಲ್ಲದೆ ಅಳೆದರೆ ಸಾಕು, ಮೀಟರಿನ ಅರ್ಧ ವೋಲ್ಟ್ ಎಸಿಯಿಂದ ಅದು ಕೆಡುವುದೂ ಇಲ್ಲ.

ಈಗ ಕೆಲಸಕ್ಕೆ. ನಿಮ್ಮ ಹತ್ತಿರ ಒಂದೇ ಪಟ್ಟಿಯ ಕೆಪಾಸಿಟರ್ ಹಲವು ಇರುವುದರಿಂದ ಅತಿ ಸುಲಭದ ಉಪಾಯ ನಡೆಯುತ್ತದೆ: ಒಂದೇ ಬಗೆಯ ಎರಡನ್ನು ಜೋಡಿಸಿ, ಒಂದಕ್ಕೆ ಇನ್ನೊಂದು ಕಾವಲು ನಿಲ್ಲುವ ಹಾಗೆ ಮಾಡುವುದು. ಎರಡನ್ನು ಸರಣಿಯಲ್ಲಿ ಇಡಿ. ಮೂರು ಬಿಂದು ಆಯಿತು: ಒಂದು ತುದಿ, ನಡು, ಇನ್ನೊಂದು ತುದಿ. ಮೀಟರ್ ಎರಡು ತುದಿಗೆ. ಬ್ಯಾಟರಿಯ ಪ್ಲಸ್ 22 ಕಿಲೋಓಮ್ ದಾಟಿ ನಡುವಿಗೆ. ಬ್ಯಾಟರಿಯ ಮೈನಸ್ಸಿನಿಂದ ಎರಡು ಬೇರೆ ಬೇರೆ 22 ಕಿಲೋಓಮ್, ತುದಿಗೊಂದರಂತೆ. ಎರಡು ತುದಿಗಳೂ ಒಂದೇ ಮೈನಸ್ಸಿನಲ್ಲಿ ಇರುವುದರಿಂದ ಮೀಟರಿಗೆ ಕಾಣುವ ಡಿಸಿ ಸೊನ್ನೆ. ಎರಡೂ ಕೆಪಾಸಿಟರಿನ ಮೇಲೆ ಮಾತ್ರ ಪೂರ್ತಿ ಬಯಾಸ್. ಸರಣಿಯಾದ್ದರಿಂದ ಮೀಟರ್ ತೋರಿಸುವುದು ಒಂದರ ಅರ್ಧ ಬೆಲೆ, ಎರಡರಿಂದ ಗುಣಿಸಿದರೆ ಒಂದರ ಬೆಲೆ. ಡಿಸಿ ತಡೆದು ಎಸಿ ಮಾತ್ರ ಬಿಡುವ ಬೇರೆ ದೊಡ್ಡ ಬ್ಲಾಕಿಂಗ್ ಕೆಪಾಸಿಟರ್ ಹುಡುಕುವ ರಗಳೆಯೇ ಇಲ್ಲ.

22 ಕಿಲೋಓಮ್ ಯಾಕೆ, 1 ಮೆಗಾಓಮ್ ಯಾಕಲ್ಲ? ದೊಡ್ಡದು ಹಾಕಿದಷ್ಟೂ ಸುರಕ್ಷಿತ ಎಂದು ತೋರುವುದು ಸಹಜ. ಆದರೆ ಆಟಿಯ ಮಳೆಯಲ್ಲಿ ನಮ್ಮ ಕರಾವಳಿಯ ಗಾಳಿಯೇ ಒಂದು ರೆಸಿಸ್ಟರ್. ಫ್ಲಕ್ಸ್ ಉಳಿದ ಬೋರ್ಡ್ ರಾತ್ರಿಯಿಡೀ ತೆರೆದು ಬಿದ್ದಿದ್ದರೆ ಬೆಳಿಗ್ಗೆ ಮೇಲ್ಮೈಯಲ್ಲೇ ಕೆಲವು ಮೆಗಾಓಮ್ ಸೋರಿಕೆ ಬಂದಿರುತ್ತದೆ. 1 ಮೆಗಾಓಮ್ ಹಾಕಿದ ಕಡೆ ಆ ಸೋರಿಕೆ ವೋಲ್ಟಿನ ದೊಡ್ಡ ಪಾಲನ್ನು ನುಂಗುತ್ತದೆ, ನೀವು 24 ಕೊಟ್ಟೆ ಎಂದುಕೊಂಡು 20ರಲ್ಲಿ ಅಳೆದಿರುತ್ತೀರಿ. ಪರೀಕ್ಷಿಸಲು ಮಲ್ಟಿಮೀಟರ್ ಹಿಡಿದರೆ ಅದರ 10 ಮೆಗಾಓಮ್ ಬೇರೆ ಸೇರಿ ಇನ್ನಷ್ಟು ಇಳಿಸುತ್ತದೆ. 22 ಕಿಲೋಓಮಿನಲ್ಲಿ ಈ ತಾಪತ್ರಯ ಇಲ್ಲ. ಏನೇ ಶಾರ್ಟ್ ಆದರೂ ಬ್ಯಾಟರಿಯಿಂದ ಬರುವ ಕರೆಂಟ್ 1 ಮಿಲಿಆಂಪಿಯರ್ ಸುತ್ತಮುತ್ತ. ಕಾಲು ವ್ಯಾಟಿನ ರೆಸಿಸ್ಟರ್ ಬೆಚ್ಚಗೂ ಆಗುವುದಿಲ್ಲ. ತುಂಬುವ ಸಮಯವೂ ಕಡಿಮೆ: ಡಿಸಿಯ ಲೆಕ್ಕದಲ್ಲಿ ಎರಡು ಕೆಪಾಸಿಟರ್ ಸೇರಿ 20 ಮೈಕ್ರೋಫ್ಯಾರಡ್, ದಾರಿಯ ರೆಸಿಸ್ಟೆನ್ಸ್ 33 ಕಿಲೋಓಮ್, ಟೈಮ್ ಕಾನ್‌ಸ್ಟಂಟ್ 0.66 ಸೆಕೆಂಡ್. ಮೂರೂವರೆ ಸೆಕೆಂಡಿನಲ್ಲಿ ತುಂಬಿತು.

ಬ್ಯಾಟರಿಯ ಪೆಟ್ಟಿಗೆ ರೆಸಿಸ್ಟರ್ ಸಾಕು. ಒಂದು ಕೆಪಾಸಿಟರ್ ಶಾರ್ಟ್ ಆದಾಗ ಇನ್ನೊಂದರ ಚಾರ್ಜ್ ಮೀಟರಿನ ಕಡೆ ಬರುತ್ತದಲ್ಲ, ಅದಕ್ಕೆ ಕ್ಲಾಂಪ್, ಅಂದರೆ ವೋಲ್ಟ್ ಏರದಂತೆ ಹಿಡಿಯುವ ಡಯೋಡ್ ಜೋಡಣೆ, ಬೇಕು. ಬ್ರಿಜ್ ರೆಕ್ಟಿಫೈಯರ್ ಎರಡು ತೆಗೆದುಕೊಳ್ಳಿ, 1 ಆಂಪಿಯರಿನ ಸಾದಾ ದುಂಡಗಿನದ್ದು ಸಾಕು. ಪ್ರತಿಯೊಂದರ ಪ್ಲಸ್ ಮತ್ತು ಮೈನಸ್ ಕಾಲನ್ನು ಬಗ್ಗಿಸಿ ಒಂದಕ್ಕೊಂದು ಸೋಲ್ಡರ್ ಮಾಡಿ. ಈಗ ಅದರ ಎರಡು ಎಸಿ ಕಾಲುಗಳ ಮಧ್ಯೆ ಯಾವ ದಿಕ್ಕಿನಲ್ಲಿ ಹೋದರೂ ಎರಡು ಡಯೋಡ್ ಸರಣಿಯಲ್ಲಿ ಸಿಗುತ್ತದೆ. ಅಂಥ ಎರಡು ಬ್ರಿಜ್ಜನ್ನು ಎಸಿ ಕಾಲುಗಳಿಂದ ಸರಣಿಯಾಗಿ ಸೇರಿಸಿದರೆ ಎರಡೂ ದಿಕ್ಕಿಗೆ ನಾಲ್ಕು ನಾಲ್ಕು ಡಯೋಡ್. ಇದನ್ನು ಮೀಟರಿನ ಎರಡು ತುದಿಗಳ ಮಧ್ಯೆ ಹಾಕಿ. ಮೀಟರಿನ 0.6 ವೋಲ್ಟ್ ಎಸಿಯ ಶಿಖರ 0.85, ನಾಲ್ಕು ಡಯೋಡಿಗೆ ಹಂಚಿದರೆ ತಲಾ 0.2 ಚಿಲ್ಲರೆ, ಯಾವುದೂ ತೆರೆಯುವುದಿಲ್ಲ, ಅಳತೆಗೆ ಅಡ್ಡಿಯಿಲ್ಲ. ಪೆಟ್ಟು ಬಂದರೆ ಮಾತ್ರ ನಾಲ್ಕೂ ತೆರೆದು ಮೂರು-ನಾಲ್ಕು ವೋಲ್ಟಿಗೆ ಹಿಡಿದು ನಿಲ್ಲಿಸುತ್ತವೆ. ಒಂದೊಂದೇ ಡಯೋಡನ್ನು ಎದುರುಬದುರು ಹಾಕುವವರಿದ್ದಾರೆ. ಅದು 0.6 ವೋಲ್ಟ್ ಸಿಗ್ನಲಿನ ನೆತ್ತಿಯನ್ನೇ ಕತ್ತರಿಸುತ್ತದೆ. ರೀಡಿಂಗ್ ಹೆಚ್ಚುಕಡಿಮೆಯಾಗಿ ತಲೆ ತಿನ್ನುತ್ತದೆ.

ಕ್ಲಾಂಪಿಗೂ ಕೆಪಾಸಿಟರ್ ತುದಿಗೂ ಮಧ್ಯೆ ಒಂದು ಬದಿಯಲ್ಲಿ 4.7 ಓಮ್, 1 ವ್ಯಾಟ್ ರೆಸಿಸ್ಟರ್ ಇಡಿ. ಸೆರಾಮಿಕ್ಕಿನ ಸ್ವಂತ ರೆಸಿಸ್ಟೆನ್ಸ್ ಕೆಲವೇ ಮಿಲಿಓಮ್, ಇದು ಇಲ್ಲದಿದ್ದರೆ ಶಾರ್ಟ್ ಆದಾಗ ಡಯೋಡಿಗೆ ಹತ್ತಾರು ಆಂಪಿಯರ್ ಚುಚ್ಚುತ್ತದೆ. ಇದ್ದರೆ 24 ವೋಲ್ಟಿಗೆ 5 ಆಂಪಿಯರ್, ಅದೂ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು. 22 ಕಿಲೋಓಮ್‌ಗಳು ಕೆಪಾಸಿಟರಿನ ಬದಿಗೆ ಬರಬೇಕು, ಕ್ಲಾಂಪ್ ಮೀಟರಿನ ಬದಿಗೆ, 4.7 ಓಮ್ ಅವೆರಡರ ನಡುವೆ. ಈ ಅನುಕ್ರಮ ತಪ್ಪಬಾರದು.

ಜೀರೋ ಪಿಸಿಬಿಯ ತುಂಡಿನ ಮೇಲೆ ಕೂರಿಸುವುದು ಹೀಗೆ: 1206 ಕೆಪಾಸಿಟರ್ 3.2 ಮಿಲಿಮೀಟರ್ ಉದ್ದ, ತೂತಿನ ಅಂತರ 2.54. ಎರಡನ್ನು ಒಂದೇ ಸಾಲಿನಲ್ಲಿ ಹಿಂದೆ ಮುಂದೆ ಇಡಲು ಹೋದರೆ ತಲೆಗೆ ತಲೆ ತಾಗುತ್ತದೆ. ಅಕ್ಕಪಕ್ಕ ಇಡಿ, ಏಣಿಯ ಎರಡು ಮೆಟ್ಟಿಲಿನ ಹಾಗೆ. ಒಂದು ಬದಿಯ ಎರಡು ಪ್ಯಾಡನ್ನು ಸೋಲ್ಡರಿನಿಂದ ಸೇರಿಸಿದರೆ ಅದೇ ನಡು, ಇನ್ನೊಂದು ಬದಿಯ ಪ್ಯಾಡುಗಳು ತುದಿಗಳು. ಐರನ್ನಿನ ಮೊನೆಯಿಂದ ಕೆಪಾಸಿಟರನ್ನು ಒತ್ತಬೇಡಿ, ಸೋಲ್ಡರ್ ಆರುವ ಮೊದಲು ಬೋರ್ಡ್ ಬಾಗಿಸಬೇಡಿ. ಬಿರುಕು ಬಿಡುವುದು ಆಗಲೇ. ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಳೆ ಹಲ್ಲುಜ್ಜುವ ಬ್ರಷ್ ಅದ್ದಿ ಫ್ಲಕ್ಸ್ ತಿಕ್ಕಿ ತೆಗೆಯಿರಿ, ಹೇರ್ ಡ್ರೈಯರ್ ಎರಡು ನಿಮಿಷ ಹಿಡಿಯಿರಿ. ಮಳೆಗಾಲದಲ್ಲಿ ಈ ಬೋರ್ಡನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಟ್ಟರೆ ಮುಂದಿನ ಸಲ ತಿಕ್ಕುವ ಕೆಲಸ ಉಳಿಯುತ್ತದೆ.

ವೋಲ್ಟಿಗೆ ಲ್ಯಾಬ್ ಸಪ್ಲೈ ಬೇಕಾಗಿಲ್ಲ. ಸಣ್ಣ 9 ವೋಲ್ಟ್ ಬ್ಯಾಟರಿ ಮೂರು ಸಾಕು. ಒಂದು ಹಾಕಿದರೆ 9, ಎರಡಕ್ಕೆ 18, ಮೂರಕ್ಕೆ 27. ಹೊಸದಾದರೆ 28ರ ಹತ್ತಿರ. 24 ವೋಲ್ಟಿನ ಬೋಟಿನಲ್ಲಿ ಎಂಜಿನ್ ಓಡಿ ಬ್ಯಾಟರಿ ಚಾರ್ಜ್ ಆಗುವಾಗ ತಂತಿಯಲ್ಲಿ ನಿಜವಾಗಿ ಇರುವುದೂ ಅಷ್ಟೇ, ಹಾಗಾಗಿ ನಿಮಗೆ ಬೇಕಾದದ್ದು 24ರ ಅಂಕಿಗಿಂತ 28ರದ್ದೇ. ಬ್ಯಾಟರಿಯ ಇನ್ನೊಂದು ಗುಣ, ಅದು ನೆಲಕ್ಕೂ ಮೈನ್ಸಿಗೂ ಸಂಬಂಧ ಇಲ್ಲದೆ ತೇಲುತ್ತದೆ, ರಿಪಲ್ ಇಲ್ಲ. ಬೂಸ್ಟ್ ಮಾಡ್ಯೂಲ್ ಹಾಕಿದರೆ ಅದರ ನೂರಾರು ಕಿಲೋಹರ್ಟ್ಸಿನ ಗಲಾಟೆ ಮೀಟರಿಗೆ ನುಗ್ಗಿ ಕೊನೆಯ ಎರಡು ಅಂಕಿ ಕುಣಿಯುತ್ತವೆ. ಮೀಟರನ್ನೂ ಅದರ ಸ್ವಂತ ಬ್ಯಾಟರಿಯಲ್ಲೇ ಓಡಿಸಿ. ಅಡಾಪ್ಟರ್, ಯುಎಸ್‌ಬಿ ವೈರ್ ಯಾವುದೂ ಬೇಡ.

ಒಂದು ಎರಡು-ದಾರಿ ಸ್ವಿಚ್ ಹಾಕಿ. ನಡುವಿಗೆ ಹೋಗುವ 22 ಕಿಲೋಓಮಿನ ಇನ್ನೊಂದು ಕಾಲು ಸ್ವಿಚ್ಚಿನ ಮಧ್ಯದ ಪಿನ್ನಿಗೆ. ಒಂದು ಬದಿ ಬ್ಯಾಟರಿ ಪ್ಲಸ್, ಇನ್ನೊಂದು ಬದಿ ಬ್ಯಾಟರಿ ಮೈನಸ್. ಪ್ಲಸ್ ಕಡೆಗೆ ತಳ್ಳಿದರೆ ತುಂಬುತ್ತದೆ, ಮೈನಸ್ ಕಡೆಗೆ ತಳ್ಳಿದರೆ ಅದೇ ರೆಸಿಸ್ಟರುಗಳ ಮೂಲಕ ಮೆಲ್ಲಗೆ ಖಾಲಿಯಾಗುತ್ತದೆ. ಸ್ಕ್ರೂಡ್ರೈವರ್ ತಾಗಿಸಿ ಖಾಲಿ ಮಾಡುವ ನಮ್ಮೆಲ್ಲರ ಹಳೆ ಚಾಳಿಯನ್ನು ಈ ಬೋರ್ಡಿನ ಹತ್ತಿರ ತರಬೇಡಿ ಮಾರಾಯ್ರೇ. ಆ ಒಂದು ಕ್ಷಣದ ಶಾರ್ಟನ್ನು ತಪ್ಪಿಸಲಿಕ್ಕೇ ಇಷ್ಟೆಲ್ಲ ಮಾಡಿದ್ದು.

ಮೀಟರನ್ನು ಕೂಡಲೇ ಸೇರಿಸಬೇಡಿ. ಮೀಟರ್ ಇರಬೇಕಾದ ಜಾಗಕ್ಕೆ 10 ಕಿಲೋಓಮ್ ಒಂದನ್ನು ಹಾಕಿ, ಮೂರೂ ಬ್ಯಾಟರಿ ಕೊಟ್ಟು, ಹತ್ತು ಸೆಕೆಂಡ್ ಕಾದು, ಆ 10 ಕಿಲೋಓಮಿನ ಮೇಲೆ ಮಲ್ಟಿಮೀಟರ್ ಹಿಡಿಯಿರಿ. ಡಿಸಿ ಕೆಲವು ಮಿಲಿವೋಲ್ಟಿನೊಳಗೆ ಇರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಕಂಡರೆ ಎರಡರಲ್ಲಿ ಒಂದು ಕೆಪಾಸಿಟರ್ ಸೋರುತ್ತಿದೆ. ನಡುವಿನಿಂದ ಪ್ರತಿ ತುದಿಗೂ ಅಳೆದು ನೋಡಿ, ಎರಡು ಕಡೆಯೂ ಬ್ಯಾಟರಿಯ ವೋಲ್ಟೇ ಬರಬೇಕು. ಇಷ್ಟು ಸರಿ ಇದ್ದರೆ ಸ್ವಿಚ್ಚನ್ನು ಖಾಲಿಯ ಕಡೆ ತಳ್ಳಿ, ಹತ್ತು ಸೆಕೆಂಡ್ ಬಿಟ್ಟು, 10 ಕಿಲೋಓಮ್ ತೆಗೆದು ಮೀಟರ್ ಸೇರಿಸಿ.

ಮೀಟರಿನಲ್ಲಿ 1 ಕಿಲೋಹರ್ಟ್ಸ್, ಸಿಎಸ್ ಅಂದರೆ ಸರಣಿ ಕ್ರಮ ಆರಿಸಿ. ಕೆಪಾಸಿಟರ್ ಕೂರಿಸುವ ಮೊದಲೇ, ಖಾಲಿ ಬೋರ್ಡಿನಲ್ಲಿ ಒಂದು ಸಲ ಓಪನ್, ತುದಿಯಿಂದ ತುದಿಗೆ ತಂತಿ ಇಟ್ಟು ಒಂದು ಸಲ ಶಾರ್ಟ್ ಕ್ಯಾಲಿಬ್ರೇಶನ್ ಮಾಡಿಕೊಂಡಿದ್ದರೆ 4.7 ಓಮ್, ವೈರ್, ಕ್ಲಾಂಪ್ ಎಲ್ಲ ಲೆಕ್ಕದಿಂದ ಕಳೆದುಹೋಗುತ್ತದೆ. ಕ್ಯಾಲಿಬ್ರೇಶನ್ ಸಮಯದಲ್ಲಿ ಸ್ವಿಚ್ ಖಾಲಿಯ ಕಡೆಗೇ ಇರಬೇಕು, ಇದನ್ನು ಮರೆಯುವವರು ಬಹಳ. ಮೊದಲು ಸೊನ್ನೆ ವೋಲ್ಟಿನ ರೀಡಿಂಗ್ ಬರೆದುಕೊಳ್ಳಿ. ಆಮೇಲೆ 9, 18, 27. ಪ್ರತಿ ಮೆಟ್ಟಿಲಿನಲ್ಲೂ ವೋಲ್ಟ್ ನಿಂತ ಮೇಲೆ ಒಂದು ನಿಮಿಷ ಕಾಯಿರಿ. ಕೆಪಾಸಿಟರ್ ನಾಲ್ಕು ಸೆಕೆಂಡಿನಲ್ಲಿ ತುಂಬಿದರೂ ಒಳಗಿನ ಮಣ್ಣು ಅಷ್ಟು ಬೇಗ ನೆಲೆಗೊಳ್ಳುವುದಿಲ್ಲ, ಅಂಕಿ ಮೆಲ್ಲ ಮೆಲ್ಲ ಇಳಿಯುತ್ತಲೇ ಇರುತ್ತದೆ. ವೋಲ್ಟ್ ತೆಗೆದಾಗ ಹಳೆಯ ಬೆಲೆಗೆ ಮರಳಲೂ ಅಷ್ಟೇ ಸೋಮಾರಿತನ. ಅದಕ್ಕೇ ಮೇಲೆ ಹೋಗುವಾಗಿನ ಅಂಕಿಗಳನ್ನೇ ಹಿಡಿಯಿರಿ, ಇಳಿಯುವಾಗಿನದನ್ನು ಬೆರೆಸಬೇಡಿ. ಬ್ಯಾಟರಿ ಸಂಖ್ಯೆ ಬದಲಿಸುವಾಗ ಸ್ವಿಚ್ಚನ್ನು ಖಾಲಿಯ ಕಡೆ ತಳ್ಳುವುದಕ್ಕಿಂತ ಮೊದಲು ಬ್ಯಾಟರಿ ಮುಟ್ಟಬೇಡಿ.

ಮೀಟರ್ ಸೊನ್ನೆ ವೋಲ್ಟಿನಲ್ಲಿ 4.4, 27ರಲ್ಲಿ 1.7 ತೋರಿಸಿತು ಎಂದುಕೊಳ್ಳಿ. ಒಂದು ಕೆಪಾಸಿಟರಿನ ಬೆಲೆ 8.8ರಿಂದ 3.4ಕ್ಕೆ ಬಂತು. 18ರಲ್ಲಿ 2.4, ಅಂದರೆ 4.8 ಇದ್ದರೆ, ನಡುವೆ ಗೆರೆ ಎಳೆದು 24ಕ್ಕೆ ಸುಮಾರು 3.9 ಎನ್ನಬಹುದು. ನಿಮ್ಮ ಬೋರ್ಡಿನಲ್ಲಿ ಎರಡು ಸೇರಿ 20 ಇದೆ ಎಂದು ಲೆಕ್ಕ ಹಾಕಿದ್ದೀರಿ, ಆದರೆ ಕೆಲಸ ಮಾಡುತ್ತಿರುವುದು 7.8. ರಿಪಲ್ ಬೆಲೆಗೆ ವಿಲೋಮ, 20 ಭಾಗಿಸು 7.8 ಅಂದರೆ 2.6 ಪಟ್ಟು. 27 ಮಿಲಿವೋಲ್ಟ್ ಆಗಬೇಕಾದದ್ದು 70ಕ್ಕೆ ಹೋದದ್ದು ಸರಿಯಾಗಿಯೇ ಹೊಂದುತ್ತದೆ. ನಿಮ್ಮ ಪಟ್ಟಿಯ ಅಂಕಿ ಸ್ವಲ್ಪ ಆಚೀಚೆ ಇರಬಹುದು, ಲೆಕ್ಕದ ದಾರಿ ಇದೇ.

8.8 ಯಾಕೆ ಬಂತು, 10 ಇಲ್ಲವಲ್ಲ ಎಂಬ ಪ್ರಶ್ನೆಯೂ ಉಳಿಯುತ್ತದೆ. ಕಂಪನಿಗಳು 10 ಮೈಕ್ರೋಫ್ಯಾರಡ್ ತನಕದ ಸೆರಾಮಿಕ್ಕನ್ನು 1 ಕಿಲೋಹರ್ಟ್ಸಿನಲ್ಲಿ, ಕೆಪಾಸಿಟರಿನ ಮೇಲೆ 1 ವೋಲ್ಟ್ ಎಸಿ ಇಟ್ಟು ಅಳೆಯುತ್ತವೆ. ನಿಮ್ಮ ಮೀಟರ್ 0.6 ವೋಲ್ಟ್ ಕೊಟ್ಟರೂ 10 ಮೈಕ್ರೋಫ್ಯಾರಡಿನ ತಡೆ 1 ಕಿಲೋಹರ್ಟ್ಸಿನಲ್ಲಿ ಬರೀ 16 ಓಮ್. ಒಳಗಿನ 100 ಓಮ್ ಮುಕ್ಕಾಲಿಗಿಂತ ಹೆಚ್ಚು ತಿಂದು, ಕೆಪಾಸಿಟರಿನ ಮೇಲೆ ನಿಜಕ್ಕೂ ಉಳಿಯುವುದು 0.1 ವೋಲ್ಟಿಗೂ ಕಡಿಮೆ. ಎಸಿ ಕಡಿಮೆಯಾದರೆ ಈ ಜಾತಿಯ ಸೆರಾಮಿಕ್ ಕಡಿಮೆ ತೋರಿಸುತ್ತದೆ. ಜೊತೆಗೆ ಡಬ್ಬಿಯಲ್ಲಿ ಕೂತು ವಯಸ್ಸಾಗಿಯೂ ಕೆಲವು ಶೇಕಡಾ ಕಳೆದುಕೊಂಡಿರುತ್ತದೆ. ಸೋಲ್ಡರಿನ ಬಿಸಿ ತಾಗಿದರೆ ಆ ವಯಸ್ಸು ಕಳೆದು ಬೆಲೆ ಏರುವುದೂ ಉಂಟು. ಕೂರಿಸಿದ ಒಂದು ದಿನದ ನಂತರ ಅಳೆದರೆ ಅಂಕಿ ನಂಬುವ ಹಾಗಿರುತ್ತದೆ. ಒಟ್ಟಿನಲ್ಲಿ ಒಂಟಿ ಅಂಕಿಗೆ ತಲೆ ಕೆಡಿಸಿಕೊಳ್ಳಬೇಡಿ. ಅದೇ ಮೀಟರ್, ಅದೇ ಫ್ರೀಕ್ವೆನ್ಸಿ, ಅದೇ ದಿನ ತೆಗೆದ ಸೊನ್ನೆ ವೋಲ್ಟಿನ ಮತ್ತು 27 ವೋಲ್ಟಿನ ಅಂಕಿಗಳ ಅನುಪಾತ ಗಟ್ಟಿಯಾದದ್ದು.

ಒಂದೇ ಕೆಪಾಸಿಟರ್ ಇದ್ದು ಜೋಡಿ ಸಿಗದಿದ್ದರೆ ಬ್ಲಾಕಿಂಗ್ ಕೆಪಾಸಿಟರ್ ಹಾಕಲೇಬೇಕು. ಬಾವಿ ಪಂಪಿನ ಅಂಗಡಿಯಲ್ಲಿ ಸಿಗುವ ಮೋಟರ್ ರನ್ ಕೆಪಾಸಿಟರ್, ಜನ ಕಂಡೆನ್ಸರ್ ಎನ್ನುತ್ತಾರಲ್ಲ, 36 ಮೈಕ್ರೋಫ್ಯಾರಡ್ 440 ವೋಲ್ಟಿನದ್ದು, ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಳಗೆ ಪಾಲಿಪ್ರೊಪಿಲೀನ್, ವೋಲ್ಟಿಗೆ ಬೆಲೆ ಬದಲಾಗುವುದಿಲ್ಲ. ಸ್ಟಾರ್ಟ್ ಕೆಪಾಸಿಟರ್ ಬೇಡ. ಸೆರಾಮಿಕ್ಕನ್ನೇ ಬ್ಲಾಕಿಂಗಿಗೆ ಹಾಕಿದರೆ ಅದರ ಬೆಲೆಯೂ ಜೊತೆಗೆ ಇಳಿದು, ಯಾರದ್ದನ್ನು ಅಳೆದೆವು ಎಂದೇ ತಿಳಿಯುವುದಿಲ್ಲ. ಪರೀಕ್ಷೆಯ ಕೆಪಾಸಿಟರಿನ ಎರಡು ಬದಿಗೂ ಒಂದೊಂದು 36 ಇಟ್ಟು, ಮೀಟರ್ ಆಚೆ ತುದಿಗಳಿಗೆ, ಬಯಾಸ್ 22 ಕಿಲೋಓಮ್ ಎರಡರ ಮೂಲಕ ಪರೀಕ್ಷೆಯ ಕೆಪಾಸಿಟರಿನ ಎರಡು ಕಾಲಿಗೆ. ಕ್ಲಾಂಪ್ ಇಲ್ಲಿಯೂ ಮೀಟರಿನ ಬಾಯಲ್ಲಿ, 4.7ರ ಬದಲು 10 ಓಮ್. ಯಾಕೆಂದರೆ ಇಲ್ಲಿ ಶಾರ್ಟ್ ಆದರೆ ಖಾಲಿಯಾಗುವುದು ಸರಣಿಯ 18 ಮೈಕ್ರೋಫ್ಯಾರಡ್, ಜೋಡಿ ಉಪಾಯದ ಹೆಚ್ಚುಕಡಿಮೆ ಎರಡು ಪಟ್ಟು.

ಎರಡೇ ವೈರಿನ ಮೀಟರ್ ಆದರೆ ಲೆಕ್ಕ ಕೈಯಲ್ಲಿ ಮಾಡಿ. ಎರಡು 36 ಸರಣಿಯಲ್ಲಿ 18. ಮೀಟರ್ 3.14 ತೋರಿಸಿದರೆ, 3.14 ಗುಣಿಸು 18, ಅದನ್ನು 18 ಕಳೆ 3.14ರಿಂದ ಭಾಗಿಸಿ: 3.8. ರನ್ ಕೆಪಾಸಿಟರಿನ ಮೇಲೆ ಬರೆದದ್ದನ್ನು ನಂಬದೆ ಅವನ್ನೂ ಮೊದಲು ಅಳೆದುಕೊಳ್ಳಿ. ನಾಲ್ಕು ವೈರಿನ ಕೆಲ್ವಿನ್ ಮೀಟರ್ ಆದರೆ ಕರೆಂಟಿನ ಎರಡು ವೈರಿಗೆ 36, ವೋಲ್ಟ್ ನೋಡುವ ಎರಡು ವೈರಿಗೆ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಮತ್ತು 1 ಕಿಲೋಓಮ್ ಸರಣಿಯಲ್ಲಿ, ಮೀಟರಿನ ಬದಿಯಲ್ಲಿ ಪ್ರತಿ ವೋಲ್ಟ್ ವೈರಿನಿಂದ ಅದೇ ಬದಿಯ ಕರೆಂಟ್ ವೈರಿಗೆ 1 ಮೆಗಾಓಮ್. ವೋಲ್ಟ್ ವೈರುಗಳ ಮಧ್ಯೆಯೂ ಇನ್ನೊಂದು ಜೊತೆ ಬ್ರಿಜ್ ಕ್ಲಾಂಪ್ ಬೇಕು. ಎಲ್ಲರೂ ಕರೆಂಟ್ ವೈರಿಗೆ ಹಾಕಿ ಇದನ್ನು ಬಿಡುತ್ತಾರೆ, ಸೂಕ್ಷ್ಮದ ಇನ್‌ಪುಟ್ ಇರುವುದೇ ಇಲ್ಲಿ. ಕಟ್ಟಿದ ಮೇಲೆ 1 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್ ಒಂದನ್ನು ನೇರ ಮೀಟರಿಗೆ, ಆಮೇಲೆ ಇದರ ಮೂಲಕ, ಆಮೇಲೆ 27 ವೋಲ್ಟ್ ಕೊಟ್ಟು ಅಳೆಯಿರಿ. ಮೂರೂ ಹೆಚ್ಚುಕಡಿಮೆ ಒಂದೇ ಬರಬೇಕು. ಬೆಲೆ ಸರಿ ಬಂದು ಡಿ (ಕೆಪಾಸಿಟರಿನ ಒಳಗಿನ ನಷ್ಟದ ಅಂಕಿ) ಮಾತ್ರ ಏರಿದ್ದರೆ ಗಾಬರಿ ಬೇಡ, ವೋಲ್ಟ್ ವೈರಿನ ಕೆಪಾಸಿಟರ್ ತರುವ ಸಣ್ಣ ಫೇಸ್ ವ್ಯತ್ಯಾಸ ಅದು. 100 ಹರ್ಟ್ಸಿನಲ್ಲಿ ಹೆಚ್ಚು, 1 ಕಿಲೋಹರ್ಟ್ಸಿನಲ್ಲಿ ಕಡಿಮೆ.

ಇದೆಲ್ಲ 50-60 ವೋಲ್ಟಿನ ತನಕದ ಮಾತು. ಡಿಸಿ 60ರ ಮೇಲೆ ಮುಟ್ಟಿದರೆ ಶಾಕ್ ಎಂದೇ ಹಿಡಿಯಬೇಕು, ಅದರಲ್ಲೂ ಒದ್ದೆ ಕೈ, ಬರಿಗಾಲು, ತೇವದ ನೆಲ ಇರುವ ಬಂದರಿನ ಅಂಗಡಿಯಲ್ಲಿ. ಮೆಸ್ಕಾಂ ಕರೆಂಟನ್ನು ನೇರ ರೆಕ್ಟಿಫೈ ಮಾಡಿ ಬಯಾಸ್ ತೆಗೆಯುವ ಯೋಚನೆ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ: 230 ಎಸಿಯ ಶಿಖರ 325 ವೋಲ್ಟ್, ನೆಲದಿಂದ ಬೇರ್ಪಡಿಸಿದ್ದೂ ಅಲ್ಲ. ಹೆಚ್ಚಿನ ವೋಲ್ಟ್ ನಿಜವಾಗಿ ಬೇಕಾದರೆ ಅದಕ್ಕೆಂದೇ ಮಾಡಿದ ಉಪಕರಣಗಳಿವೆ. ಕೀಸೈಟ್ ಇ4980ಎ ಮೀಟರ್ 001 ಆಪ್ಷನ್ ಇದ್ದರೆ ತಾನೇ 40 ವೋಲ್ಟ್ ತನಕ ಬಯಾಸ್ ಕೊಡುತ್ತದೆ, ಅದರ ಜೊತೆ ಬಳಸುವ 16065ಎ ಎಂಬ ಮುಚ್ಚಳದ ಫಿಕ್ಸ್‌ಚರ್ ಹೊರಗಿನ 200 ವೋಲ್ಟ್ ತನಕ ತಡೆಯುತ್ತದೆ. ಸುರತ್ಕಲ್, ಮಣಿಪಾಲ ಕಡೆಯ ಕಾಲೇಜು ಲ್ಯಾಬಿನಲ್ಲಿ ಪರಿಚಯ ಇದ್ದವರು ಅಂಥದ್ದು ಇದೆಯಾ ಎಂದು ಕೇಳಿ ನೋಡಬಹುದು. ಬೋರ್ಡಿನಲ್ಲಿ ಕೂತ ಕೆಪಾಸಿಟರನ್ನು ಬಿಚ್ಚದೆ ಹೀಗೆ ಅಳೆಯಲು ಹೋಗಬೇಡಿ. ಫಿಶ್ ಫೈಂಡರಿನ ಟ್ರಾನ್ಸ್‌ಮಿಟ್ ವಿಭಾಗದ ಕೆಪಾಸಿಟರುಗಳು ಆಫ್ ಆದ ಮೇಲೂ ನೂರಕ್ಕೂ ಹೆಚ್ಚು ವೋಲ್ಟ್ ಹಿಡಿದುಕೊಂಡಿರಬಹುದು. ಯಾವುದೇ ಎಲ್‌ಸಿಆರ್ ಮೀಟರ್ ಹತ್ತಿರ ತರುವ ಮೊದಲು 1 ಕಿಲೋಓಮ್, 5 ವ್ಯಾಟ್ ರೆಸಿಸ್ಟರಿನಿಂದ ಖಾಲಿ ಮಾಡಿ, ಮಲ್ಟಿಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಬಿಚ್ಚಿ.

ನಿಮ್ಮ ಕನ್ವರ್ಟರಿಗೆ ಬಂದರೆ, 50ರ ಬದಲು 100 ವೋಲ್ಟಿನ ಸೆರಾಮಿಕ್ ಅದೇ ಸೈಜಿನಲ್ಲಿ ಹುಡುಕಿದರೆ ದೊಡ್ಡ ಲಾಭ ಸಿಗಲಿಕ್ಕಿಲ್ಲ, ಬೆಲೆ ಉಳಿಸುವುದು ಮೈಯ ಗಾತ್ರ. 1206ರ ಜಾಗದಲ್ಲಿ 1210 ಅಥವಾ 2220 ಕೂರುವುದಾದರೆ ಕೂರಿಸಿ, ಆಗದಿದ್ದರೆ ಅದೇ 1206 ಇನ್ನೂ ಮೂರು ಸೇರಿಸಿ ಐದು ಮಾಡಿ. ಜೊತೆಗೆ 100 ಮೈಕ್ರೋಫ್ಯಾರಡ್, 63 ವೋಲ್ಟಿನ 105 ಡಿಗ್ರಿ ಎಲೆಕ್ಟ್ರೋಲಿಟಿಕ್ ಒಂದನ್ನು ಇನ್‌ಪುಟ್ಟಿಗೆ ಸಮಾನಾಂತರವಾಗಿ ಇಡಿ. ಬ್ಯಾಟರಿಯಿಂದ ಮೇಲಿನ ಕ್ಯಾಬಿನ್ ತನಕದ ಉದ್ದ ವೈರಿನ ಇಂಡಕ್ಟೆನ್ಸ್ ಈ ಸೆರಾಮಿಕ್ಕುಗಳ ಜೊತೆ ಸೇರಿ ಸ್ವಿಚ್ ಹಾಕಿದಾಗ 24ರ ಎರಡು ಪಟ್ಟಿನ ತನಕ ಜಿಗಿಯಬಹುದು. ಅದನ್ನು ಎಲೆಕ್ಟ್ರೋಲಿಟಿಕ್ಕಿನ ಒಳಗಿನ ರೆಸಿಸ್ಟೆನ್ಸ್ ತಗ್ಗಿಸುತ್ತದೆ. ಸಿಲಿಂಡರಿನ ಬುಡಕ್ಕೆ ಒಂದು ಬೊಟ್ಟು ಸಿಲಿಕೋನ್ ಹಚ್ಚಿ, ಇಲ್ಲದಿದ್ದರೆ ಎಂಜಿನ್ ನಡುಕಕ್ಕೆ ಕಾಲೇ ಮುರಿದುಹೋಗುತ್ತದೆ.